ನೋಡುತ್ತ ನಿಂತ ಮಕ್ಕಳಿಂದ ಆರಂಭ: ಪ್ರಾಥಮಿಕ ಶಾಲೆಯಲ್ಲಿ ಪೀಡನೆ ತಡೆಯುವ ಬಗೆ

ಪ್ರಾಥಮಿಕ ಶಾಲೆಯ ಮಕ್ಕಳು ಜಗಳವಾಡಿ ಠೂ ಬಿಡುವುದು, ಮರುದಿನವೇ ಒಂದಾಗಿ ಆಡುವುದು ಸಹಜವಾಗಿದ್ದು, ಅದನ್ನೆಲ್ಲ ಪೀಡನೆಯೆಂದು ಎಣಿಸಿದರೆ ನಿಜವಾಗಿ ನರಳುತ್ತಿರುವ ಮಗು ಕಣ್ಣಿಗೆ ಬೀಳದೆ ಹೋಗುತ್ತದೆ. 1970ರ ದಶಕದಿಂದ ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೆ, ಅಂದರೆ ನೊಂದ ಮಗು ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ಸ್ಥಿತಿ. ಈ ಬಲ ಮೈಕಟ್ಟಿನದೇ ಆಗಬೇಕಿಲ್ಲ. ಗೆಳೆಯರ ಸಂಖ್ಯೆ, ಜಾತಿ, ಮೈಬಣ್ಣ, ಮಾತಿನ ತೊದಲು, ದುಡಿಮೆಗಾಗಿ ವಲಸೆ ಬಂದ ಮನೆಯ ಬೇರೆ ಭಾಷೆ, ಯಾವುದರಿಂದಲೂ ಅದು ಹುಟ್ಟಬಹುದು.

ಮೊದಲ ಹಂತದಲ್ಲಿ ಶಾಲೆಯು ಪೀಡನೆ ನಡೆಯುವ ಜಾಗ ಮತ್ತು ಹೊತ್ತುಗಳನ್ನು ಗುರುತಿಸಬೇಕು. ಶಾಲೆಯ ನಕ್ಷೆಯೊಂದನ್ನು ಬರೆದುಕೊಟ್ಟು, ಭಯವಾಗುವ ಕಡೆ ಬಣ್ಣ ಹಚ್ಚುವಂತೆ ಹೇಳಿದರೆ ಬರೆಯಲು ಬಾರದ ಮಗುವೂ ಉತ್ತರಿಸುತ್ತದೆ. ಶೌಚಾಲಯದ ದಾರಿ, ಬಿಸಿಯೂಟಕ್ಕೆ ಮೊದಲು ಕೈತೊಳೆಯುವ ನಲ್ಲಿ, ಊಟ ಮುಗಿದು ಗಂಟೆ ಬಾರಿಸುವವರೆಗಿನ ಬಿಡುವು, ಮನೆಗೆ ಹೋಗುವ ತಿರುವುಗಳಂಥ ಹಿರಿಯರ ಕಣ್ಣು ತಪ್ಪುವ ಎಡೆಗಳು ತಿಳಿದ ಮೇಲೆ, ಶಿಕ್ಷಕರು ಸರದಿಯ ಮೇಲೆ ಅಲ್ಲಿ ನಿಲ್ಲುವುದು ಖರ್ಚಿಲ್ಲದ ಉಪಾಯ.

ಎರಡನೆಯದು ಒಂಟಿ ಮಕ್ಕಳನ್ನು ಕಂಡುಕೊಳ್ಳುವುದು. ಯಾರೊಡನೆ ಕೂರಲು, ಆಡಲು ಇಷ್ಟವೆಂದು ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಕೇಳಿ, ಯಾರ ಬಾಯಲ್ಲೂ ಹೆಸರು ಬಾರದ ಮಗುವನ್ನು ಗುರುತು ಹಾಕಿಕೊಳ್ಳಬೇಕು. ಯಾರು ಇಷ್ಟವಿಲ್ಲವೆಂದು ಮಾತ್ರ ಕೇಳಬಾರದು. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯವರು ಗುಂಪುಗಳಲ್ಲಿ ಕೂಡಿ ಕಲಿಯುವುದರಿಂದ ಈ ಗಮನಿಕೆ ಅಲ್ಲಿ ಸುಲಭ.

ನೋಡುತ್ತ ನಿಂತ ಮಕ್ಕಳನ್ನು ಅಣಿಗೊಳಿಸುವ ಮೂರನೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ನಮ್ಮ ಶಾಲೆಗಳಲ್ಲಿ ಅತಿ ಕಡಿಮೆ ಗಮನ ಪಡೆದದ್ದು. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಪೀಡಿಸುವವರಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ನೊಂದವರ ಪರ ನಿಲ್ಲುವವರು ಎಂದು ಸುತ್ತಲಿನ ಮಕ್ಕಳ ಪಾತ್ರಗಳನ್ನು ಬಿಡಿಸಿ ತೋರಿಸಿತು. ತುರ್ಕು ವಿಶ್ವವಿದ್ಯಾಲಯ ರೂಪಿಸಿದ ಕಿವಾ ಎಂಬ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತಿದೆ. ಅಡ್ಡಹೆಸರು ಕೂಗಿದಾಗ ಯಾರೂ ನಗದಿದ್ದರೆ, ಕೂಗಿದವರಿಗೆ ಅದರಿಂದ ಸಿಗುವ ಮನ್ನಣೆ ಇಲ್ಲವಾಗುತ್ತದೆ. ಆದ್ದರಿಂದ ಶಿಕ್ಷಕರು ವಾರಕ್ಕೊಂದು ಅವಧಿಯಲ್ಲಿ, ತರಗತಿಯ ನಿಜವಾದ ಘಟನೆಯನ್ನು ಬಿಟ್ಟು ಕಲ್ಪಿತ ಸನ್ನಿವೇಶವೊಂದನ್ನು ಅಭಿನಯ ಮಾಡಿಸಿ, ಮಕ್ಕಳಿಂದ ಸಾಧ್ಯವಾಗುವ ಸಣ್ಣ ಕೆಲಸಗಳನ್ನು ರೂಢಿ ಮಾಡಿಸಬೇಕು: ನಗದಿರುವುದು, ನೊಂದವರನ್ನು "ಬಾ, ಆಡೋಣ" ಎಂದು ಕರೆದೊಯ್ಯುವುದು, ಶಿಕ್ಷಕರಿಗೆ ತಿಳಿಸುವುದು. ಬಲಶಾಲಿಯನ್ನು ಎದುರು ಹಾಕಿಕೊಳ್ಳುವ ಧೈರ್ಯವನ್ನು ಏಳು ವರ್ಷದ ಮಗುವಿನಿಂದ ಬಯಸುವುದು ನ್ಯಾಯವಲ್ಲ. ಒಬ್ಬರನ್ನು ಬೈಯಿಸಲು ಹೇಳುವುದು ಚಾಡಿ, ಒಬ್ಬರನ್ನು ಉಳಿಸಲು ಹೇಳುವುದು ನೆರವು ಎಂಬುದನ್ನು ಮತ್ತೆ ಮತ್ತೆ ತಿಳಿಸದಿದ್ದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಘಟನೆ ಬೆಳಕಿಗೆ ಬಂದಾಗ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವ ಪದ್ಧತಿಯನ್ನು ಕೈಬಿಡಬೇಕು. ಸಮಬಲರ ಜಗಳಕ್ಕೆ ಒಪ್ಪುವ ಆ ರಾಜಿ ಇಲ್ಲಿ ನೊಂದ ಮಗುವನ್ನು ಇನ್ನಷ್ಟು ಅಂಜಿಸುತ್ತದೆ. ಮೊದಲು ನೊಂದವರೊಡನೆ, ಬಳಿಕ ನೋಯಿಸಿದವರೊಡನೆ ಬೇರೆಬೇರೆಯಾಗಿ ಮಾತನಾಡಿ, ದಿನಾಂಕಸಹಿತ ದಾಖಲಿಸಿ, ವಾರದ ನಂತರವೂ ತಿಂಗಳ ನಂತರವೂ ಮರಳಿ ವಿಚಾರಿಸಬೇಕು. ನೋಯಿಸಿದ ಮಗುವನ್ನು ಹೊಡೆಯುವುದು ಪರಿಹಾರವಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಬಲವಿದ್ದವರು ಹೊಡೆಯಬಹುದೆಂಬ ಪಾಠವನ್ನೇ ಆ ಪೆಟ್ಟು ಕಲಿಸುತ್ತದೆ. ಶಿಕ್ಷಕರೇ ಮಗುವನ್ನು "ದಡ್ಡ" ಎಂದೋ "ಕರಿಯ" ಎಂದೋ ಕರೆಯುವ ತರಗತಿಯಲ್ಲಿ ಮೇಲಿನ ಯಾವ ಹಂತವೂ ಫಲ ಕೊಡದು.

ಪೋಷಕರು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲೊಲ್ಲದ, ಬೆಳಗಿನ ಹೊಟ್ಟೆನೋವಿನ, ಪದೇ ಪದೇ ಪೆನ್ಸಿಲ್ ಕಳೆದುಕೊಳ್ಳುವ ಮಗುವನ್ನು ಗದರಿಸದೆ ವಿಚಾರಿಸಿ, ಎದುರಿನ ಮಗುವಿನ ಮನೆಗೆ ಜಗಳಕ್ಕೆ ಹೋಗದೆ ಶಿಕ್ಷಕರ ಬಳಿಗೆ ಬರುವುದು ಒಳಿತು. ಅಲ್ಲಿ ಬಗೆಹರಿಯದ್ದನ್ನು ಮುಖ್ಯಶಿಕ್ಷಕರ ಮೂಲಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡಬಹುದು; ಹಗಲಿರುಳೂ ದೊರೆಯುವ ಉಚಿತ ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಕೃತ್ಯ ಲೈಂಗಿಕ ಸ್ವರೂಪದ್ದಾಗಿದ್ದರೆ ಅದು ಶಾಲೆಯೊಳಗೇ ಮುಗಿಸುವ ವಿಷಯವಲ್ಲ. 2012ರ ಪೋಕ್ಸೋ ಕಾಯ್ದೆಯಂತೆ, ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯವಾಗಿದೆ.