ಗದ್ದೆ ಉಳಿಸಿಕೊಂಡವರಿಗೆ ಒಂದಿಷ್ಟು ಕಿವಿಮಾತು

ಕಾಫಿಗೆ ಸಲಹೆ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಾಫಿ ಮಂಡಳಿಯಿದೆ, ಬೆಳೆಗಾರರ ಸಂಘಗಳಿವೆ, ಬಾಳೆಹೊನ್ನೂರಿನ ಹತ್ತಿರವೇ ಸಂಶೋಧನಾ ಕೇಂದ್ರವಿದೆ. ತೋಟದ ಬುಡದಲ್ಲಿರುವ ಗದ್ದೆಯ ವಿಷಯ ಹೇಳುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಮಲೆಯ ಭಾಗದಲ್ಲಿ ಈಗಲೂ ಭತ್ತ ಬೆಳೆಯುವವರಿಗೆ, ಅದರಲ್ಲೂ ಊರಿಗೆ ವಾಪಸು ಬಂದು ಗದ್ದೆಗಿಳಿದಿರುವ ಎಳೆಯರಿಗೆ ಇದನ್ನು ಬರೆದಿದ್ದೇನೆ. ನಮ್ಮ ಸೀಮೆಯಲ್ಲಿ ಎಷ್ಟು ಇಂಚು ಮಳೆ ಬಂತು ಎನ್ನುವುದಕ್ಕಿಂತ, ಪೈರಿನ ಯಾವ ವಯಸ್ಸಿಗೆ ಬಂತು ಎನ್ನುವುದೇ ಫಸಲನ್ನು ತೀರ್ಮಾನಿಸುತ್ತದೆ. ಮುಂದಿನ ಮಾತೆಲ್ಲ ಇದರ ಸುತ್ತಲೇ ಇದೆ.

• ದೇಶದ ಮಳೆ ಸುದ್ದಿ ಕೇಳಿ, ಆದರೆ ಅದನ್ನು ನಂಬಿ ಅಗೆ ಹಾಕಬೇಡಿ. 2023ರಲ್ಲಿ ಇಡೀ ದೇಶಕ್ಕೆ ಮುಂಗಾರು ವಾಡಿಕೆಯ ಶೇ 94ರಷ್ಟು ಬಿತ್ತು. ಕೇಳುವುದಕ್ಕೆ ದೊಡ್ಡ ಕೊರತೆಯಲ್ಲ. ಅದೇ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಪಟ್ಟಿ ಸೇರಿದವು. ಜಿಲ್ಲೆಯ ಸರಾಸರಿಯ ಕಥೆಯೂ ಇಷ್ಟೇ. ಕಡೂರಿಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಮೂಡಿಗೆರೆಗೆ 2000 ದಾಟುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದ ಲೆಕ್ಕ ಕಡೂರಿನ ರಾಗಿಗೂ ಆಗುವುದಿಲ್ಲ, ಕಳಸದ ಭತ್ತಕ್ಕೂ ಆಗುವುದಿಲ್ಲ.

• ತೋಟದ ಮನೆಗಳಲ್ಲಿ ಮಳೆ ಲೆಕ್ಕವನ್ನು ಇಂಚು, ಸೆಂಟಿನಲ್ಲಿ ಬರೆದಿಡುವ ಒಳ್ಳೆಯ ರೂಢಿಯಿದೆ. ಅದೇ ಪುಸ್ತಕದಲ್ಲಿ ಅಗೆ ಹಾಕಿದ ದಿನ, ನಾಟಿಯ ದಿನ, ಹೊಡೆ ಕಂಡ ದಿನ, ಕೊಯ್ಲಿನ ದಿನವನ್ನೂ ಬರೆಯಿರಿ. ನಾಲ್ಕಾರು ವರ್ಷದ ಇಂಥ ಪುಸ್ತಕ ಯಾವ ಮುನ್ಸೂಚನೆಗಿಂತಲೂ ನಿಮ್ಮ ಗದ್ದೆಗೆ ಹೆಚ್ಚು ಉಪಯೋಗ. ಮುಂದಿನ ಎರಡು-ಮೂರು ದಿನದ ಮಳೆ ತಿಳಿಯಲು ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ಕ್ಕೆ (92433 45433) ಫೋನ್ ಮಾಡಿ.

• ಲೆಕ್ಕವನ್ನು ಹಿಂದಿನಿಂದ ಹಾಕಿ. ಇದನ್ನು ಬಿಡಿಸಿ ಹೇಳಬೇಕು. ಭತ್ತದ ಹೂವು ಕೊಯ್ಲಿಗೆ 30–35 ದಿನ ಮೊದಲು ಬರುತ್ತದೆ. ನಮ್ಮ ಹಳೆಯ ನೆಂಟ ಇಂಟಾನ್ ಸುಮಾರು 160 ದಿನದ ತಳಿ. ಮೃಗಶಿರಾ ಹುಟ್ಟುತ್ತಲೇ, ಅಂದರೆ ಜೂನ್ ಎರಡನೇ ವಾರದಲ್ಲಿ ಅಗೆ ಹಾಕಿದರೆ ಅಕ್ಟೋಬರ್ ನಡುವಿಗೆ ಹೂವು, ನವೆಂಬರ್ ನಡುವಿಗೆ ಕೊಯ್ಲು. ಮಳೆ ತಡವಾಯಿತೆಂದು ಅದೇ ತಳಿಯನ್ನು ಜುಲೈ ನಡುವಿನಲ್ಲಿ ಹಾಕಿದರೆ ಹೂವು ನವೆಂಬರ್ ನಡುವಿಗೆ ಹೋಗುತ್ತದೆ. ಆ ಹೊತ್ತಿಗೆ ಗುಡ್ಡದ ಚಳಿಯೆಲ್ಲ ರಾತ್ರಿ ಕೆಳಗಿಳಿದು ಬೈಲಿನಲ್ಲಿ ಕೂತಿರುತ್ತದೆ. ತೆನೆ ಹೊರಬರುವ ಹತ್ತು-ಹದಿನೈದು ದಿನ ಮೊದಲು ಹೊಡೆಯೊಳಗೆ ಪರಾಗ ಕಟ್ಟುವಾಗ ಚಳಿ ಹಿಡಿದರೆ ಕಾಳು ಜೊಳ್ಳಾಗುತ್ತದೆ. ಪೈರು ಹಸಿರಾಗಿ ಸೊಂಪಾಗಿಯೇ ಇರುತ್ತದೆ. ತೆನೆ ಬಾಗದೆ ನೆಟ್ಟಗೆ ನಿಂತಾಗಲಷ್ಟೇ ಗೊತ್ತಾಗುತ್ತದೆ. ಅನುಮಾನವಿದ್ದರೆ ಒಂದು ತೆನೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ: ತುಂಬಿದ ಕಾಳಿನಲ್ಲಿ ಬೆಳಕು ದಾಟುವುದಿಲ್ಲ, ಜೊಳ್ಳಿನಲ್ಲಿ ದಾಟುತ್ತದೆ. ಹೀಗಾಗಿ ಮಳೆ ತಡವಾದ ವರ್ಷ ತಾರೀಕಿನ ಜೊತೆ ತಳಿಯನ್ನೂ ಬದಲಿಸಿ, ಕಡಿಮೆ ಅವಧಿಯದಕ್ಕೆ ಹೋಗಿ. ಯಾವುದು ಎಂದು ಮೂಡಿಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಕೇಳಿ. ಗುಡ್ಡಸೀಮೆಗೆಂದೇ ಭತ್ತದ ತಳಿ ಮಾಡಿದ ಜಾಗ ಅದು.

• ಮುಂಗಾರು ಬೇಗ ಬಂದರೂ ಆತುರ ಬೇಡ. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. ಅಂಥ ವರ್ಷ ಮೇ ಕೊನೆಗೇ ಉದ್ದ ತಳಿ ಅಗೆ ಹಾಕಿದರೆ ಪೈರು ಹಣ್ಣಾಗುವುದು ಚಿತ್ತೆ, ಸ್ವಾತಿಯ ಗುಡುಗು ಮಳೆಯ ಬಾಯಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳಿದ್ದು ಉಳುಮೆಗೆ. ಆ ಹದದಲ್ಲಿ ಗದ್ದೆ ಹೂಡಿ, ಸೊಪ್ಪು ಗೊಬ್ಬರ ಹಾಕಿ, ಬದು ಕಡಿದು ಕಟ್ಟಿ. ಅಷ್ಟು ಸಾಕು.

• ಆರಿದ್ರಾದಿಂದ ಪುಷ್ಯದವರೆಗಿನ ಆರು ವಾರ ನೀರನ್ನು ಹೊರಗೆ ಕಳಿಸುವುದೇ ಕೆಲಸ. ಸಸಿಮಡಿಯನ್ನು ಎತ್ತರದ ಮಕ್ಕಿಯಲ್ಲಿ ಮಾಡಿ, ಬೈಲಿನಲ್ಲಿ ಬೇಡ. ಹಡ್ಲು ಗದ್ದೆಯಲ್ಲಿ ನೀರಿನ ಮೇಲೆ ಎಣ್ಣೆ ಹರಡಿದಂಥ ಕೆಂಪು ಪೊರೆ ಕಂಡು, ಎಲೆಗೆ ಕಂದು ಚುಕ್ಕೆ ಬಂದರೆ ಅದು ಕಬ್ಬಿಣದ ವಿಷ. ಯೂರಿಯಾ ಎರಚಿದರೆ ವಾಸಿಯಾಗದು. ನೀರು ಬಸಿದು ಗದ್ದೆಗೆ ಗಾಳಿಯಾಡಿಸಿ, ಸುಣ್ಣ, ಪೊಟ್ಯಾಷ್ ಕೊಡಿ.

• ಆಶ್ಲೇಷಕ್ಕೆ ಭಯಪಡಿ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಕುಸಿದು ಗದ್ದೆಗಳ ಮೇಲೆ ಮಣ್ಣು, ಮರ ಬಂದು ಕೂತಿದ್ದನ್ನು ನೋಡಿದವರು ಮರೆಯುವುದಿಲ್ಲ. ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಭದ್ರೆಯ ದಡದ ಗದ್ದೆಯವರು ಹೊಳೆಗಿಳಿಯಬೇಡಿ. ಬದು ಹೋದರೆ ಮತ್ತೆ ಕಟ್ಟಬಹುದು. ನೀರಿಳಿದ ಮೇಲೆ ಹೂಳಿನ ದಪ್ಪ ಅಳೆದು, ಅಳತೆಗೋಲು ಕಾಣುವಂತೆ ಫೋಟೊ ತೆಗೆದಿಡಿ. ವಿಪತ್ತು ಪರಿಹಾರದ ನಿಯಮದಲ್ಲಿ ಹೂಳು ತೆಗೆಯಲು ನೆರವು ಸಿಗುವುದು 3 ಅಂಗುಲಕ್ಕಿಂತ ಹೆಚ್ಚು ಕೂತಿದ್ದರೆ. ಬೆಳೆ ಪರಿಹಾರಕ್ಕೆ ಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಮುಳುಗಿ ಎದ್ದ ಪೈರಿಗೆ ಆವತ್ತೇ ಗೊಬ್ಬರ ಹಾಕಬೇಡಿ. ಹೊಸ ಎಲೆ ಕಂಡ ಮೇಲೆ ಹಾಕಿ.

• ಅದೇ ಆಗಸ್ಟ್ 2023ರಂತೆ ಒಣಗಲೂಬಹುದು. ಮಲೆನಾಡಿಗೆ ನೀರಿನ ಚಿಂತೆಯೇ ಎಂದು ಕೂರಬೇಡಿ. ಇರುವ ಹಳ್ಳದ ನೀರನ್ನು ಹೊಡೆ ಬಂದ ಗದ್ದೆಗೆ ಮೊದಲು ಬಿಡಿ. ಹೊಡೆಯಿಂದ ಹಾಲು ತುಂಬುವವರೆಗೆ ಭತ್ತ ಬಾಯಾರಿಕೆ ತಡೆಯುವುದಿಲ್ಲ. ಎಳೆ ಪೈರು ಸ್ವಲ್ಪ ತಡೆದೀತು. ಮೇಲಿನವರು ಕೆಳಗಿನವರು ಕೂತು ಸರದಿ ಮಾತಾಡಿಕೊಳ್ಳಬೇಕಾದ್ದು ಮಖೆ ಹುಟ್ಟುವ ಮೊದಲು.

• ಬೆಂಕಿ ರೋಗಕ್ಕೆ ಹವೆಯೇ ಮುನ್ಸೂಚನೆ: ರಾತ್ರಿ 20 ಡಿಗ್ರಿ ಆಸುಪಾಸು, ಹಗಲು ಮೋಡ, ಹೊತ್ತೇರಿದರೂ ಆರದ ಇಬ್ಬನಿ. ಎಲೆಯಲ್ಲಿ ಕಣ್ಣಿನಾಕಾರದ, ನಡುವೆ ಬೂದಿ ಬಣ್ಣದ ಕಲೆ ಕಂಡ ದಿನವೇ ಯೂರಿಯಾ ನಿಲ್ಲಿಸಿ, ಒಂದು ಎಲೆ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರೋಗ ತೆನೆಯ ಕುತ್ತಿಗೆಗೆ ಬಂದ ಮೇಲೆ ಔಷಧಿಗೆ ಮಾಡಿದ ಖರ್ಚು ದಂಡ. ಕೆಂಪಕ್ಕಿ ಬೇಕೆನ್ನುವವರಿಗೆ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ ತಂದ ‘ಸಹ್ಯಾದ್ರಿ ಮೇಘ’ ಈ ರೋಗ ತಡೆಯುವ ತಳಿ.

• ಹೂವಿನ ಹೊತ್ತನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿ. ಬೆಳಗ್ಗೆ ಬಿಸಿಲೇರಿದ ಮೇಲೆ ಸಿಪ್ಪೆ ಎರಡು ಹೋಳಾಗಿ ಬಾಯಿ ಬಿಡುತ್ತದೆ, ಆರು ಕೇಸರಗಳು ಹೊರಗೆ ಜೋತು ಬೀಳುತ್ತವೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ಆಗ ಬಿದ್ದ ಜೋರು ಮಳೆ ಪರಾಗ ತೊಳೆದುಬಿಡುತ್ತದೆ. ಮಳೆಯನ್ನು ತಡೆಯಲಾರೆವು, ಆದರೆ ಆ ಹೊತ್ತಿನಲ್ಲಿ ಔಷಧಿ ಸಿಂಪಡಿಸದೆ ಇರಬಹುದಲ್ಲ.

• ಕೊಯ್ಲು ಮತ್ತು ಅರೇಬಿಕಾ ಹಣ್ಣು ಒಟ್ಟಿಗೆ ಬರುತ್ತವೆ. ಆಳುಗಳೆಲ್ಲ ತೋಟಕ್ಕೆ ಹೋಗಿ ಗದ್ದೆ ಹಿಂದೆ ಬೀಳುತ್ತದೆ. 2021ರ ನವೆಂಬರ್ ಮಳೆಯಲ್ಲಿ ತೋಟದಲ್ಲಿ ಹಣ್ಣು ಉದುರಿತು, ಗದ್ದೆಯಲ್ಲಿ ಪೈರು ಮಲಗಿ ತೆನೆಯಲ್ಲೇ ಮೊಳಕೆ ಬಂತು. ನನ್ನ ಅಭಿಪ್ರಾಯ ಖಚಿತ: ಮೂರು ದಿನ ಹೊಳವು ಸಿಕ್ಕರೆ ಮೊದಲು ಭತ್ತ. ಹಣ್ಣು ಗಿಡದಲ್ಲಿ ಒಂದು ವಾರ ತಡೆದೀತು. ಕೊಯ್ದದ್ದನ್ನು ಬದುವಿನ ಮೇಲೆ ಹರಡಿ, ತಗ್ಗಿನಲ್ಲಿ ಬಿಡಬೇಡಿ. ಕಣಜಕ್ಕೆ ಹಾಕುವಾಗ ತೇವ ಶೇ 14 ಮೀರಬಾರದು.

• ಮುಂಗಾರು ಭತ್ತದ ಬೆಳೆ ವಿಮೆಗೆ ರೈತರ ಪಾಲು ವಿಮಾ ಮೊತ್ತದ ಶೇ 2 ಮಾತ್ರ. ಕೊಯ್ದು ಗದ್ದೆಯಲ್ಲಿ ಹರಡಿದ ಪೈರು 14 ದಿನದೊಳಗೆ ಅಕಾಲದ ಮಳೆಗೆ ಹಾಳಾದರೂ ಪರಿಹಾರ ಕೇಳಬಹುದು. ಆದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು. ಕರೆಂಟು, ನೆಟ್‌ವರ್ಕ್ ಹೋಗುವ ನಮ್ಮ ಊರುಗಳಲ್ಲಿ ಈ ಗಡುವು ಕಷ್ಟವೇ. ಅರ್ಜಿಯ ನಂಬರು, ಪಹಣಿ, ಪಾಸ್‌ಬುಕ್ಕಿನ ಪ್ರತಿಯನ್ನು ಮೊದಲೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಜಮೀನು ಮುಳುಗಿದ್ದಕ್ಕೂ ಕಾಡುಪ್ರಾಣಿ ಹಾವಳಿಗೂ 2026ರ ಮುಂಗಾರಿನಿಂದ ವಿಮೆ ಅನ್ವಯಿಸುತ್ತದೆಂದು ಕೇಂದ್ರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಆನೆ ಕಾಟವಿರುವ ಮೂಡಿಗೆರೆ ಕಡೆಯವರು ಇದನ್ನು ವಿಚಾರಿಸಿ.

• ಗದ್ದೆಯಿಂದ ಲಾಭವಿಲ್ಲ ಎನ್ನುವುದು ನಿಜ, ವಾದ ಮಾಡುವುದಿಲ್ಲ. ಆದರೆ ನಮ್ಮವರ ಊಟಕ್ಕೆ ಅಕ್ಕಿ ಸಾಕಾಗಲೆಂದು 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ದೇಶ ನಿಲ್ಲಿಸಬೇಕಾಯಿತು ಎನ್ನುವುದು ನೆನಪಿರಲಿ. ಇನ್ನೊಂದು ಮಾತು: ಬದು ಕಟ್ಟಿ ನೀರು ನಿಲ್ಲಿಸಿದ ಗದ್ದೆ ಮಳೆಗಾಲದ ನೀರನ್ನು ನೆಲಕ್ಕಿಳಿಸುತ್ತದೆ. ಅಡಿಕೆಗೆಂದು ಬಸಿಗಾಲುವೆ ತೋಡಿದರೆ ಅದೇ ನೀರು ಹೊಳೆ ಸೇರುತ್ತದೆ, ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿಯ ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಹಳ್ಳದಲ್ಲಿ ನೀರಿರುವುದಿಲ್ಲ. ಎಲ್ಲ ಗದ್ದೆ ಮಾಡಲು ಆಗದಿದ್ದರೆ ಮೇಲಿನ ಮಕ್ಕಿ ಬಿಡಿ. ಬೈಲು ಗದ್ದೆಯೊಂದನ್ನು ಮಾತ್ರ, ದಯವಿಟ್ಟು, ಪಾಳು ಬಿಡಬೇಡಿ.