ದತ್ತಾಂಶದ ಸ್ಥಳಾಂತರ: ಮೇಜಿನ ಗಣಕದಿಂದ ಸರ್ವರಿಗೆ

ಭಾರತದ ಅನೇಕ ಕಚೇರಿಗಳು ಹಾಗೂ ಸಂಘ-ಸಂಸ್ಥೆಗಳು 1980 ಮತ್ತು 1990ರ ದಶಕಗಳಲ್ಲಿ ತಮ್ಮ ದಾಖಲೆಗಳನ್ನು ಕಾಗದದಿಂದ ಗಣಕಯಂತ್ರಕ್ಕೆ ವರ್ಗಾಯಿಸಿದವು. ಡಿಬೇಸ್ ಮತ್ತು ಫಾಕ್ಸ್‌ಪ್ರೊ ಆ ಕಾಲದಲ್ಲಿ ಪ್ರಚಲಿತವಾಗಿದ್ದ ತಂತ್ರಾಂಶಗಳು. ವಿಷುಯಲ್ ಫಾಕ್ಸ್‌ಪ್ರೊಗೆ ತಯಾರಕರ ಬೆಂಬಲವು 2015ರ ಜನವರಿಯಲ್ಲಿ ಕೊನೆಗೊಂಡಿತು. ತಂತ್ರಾಂಶ ಹಳತಾದರೂ ಅದರೊಳಗಿನ ವಿವರ ಹಳತಾಗುವುದಿಲ್ಲ. ನಿವೃತ್ತಿವೇತನ, ಸದಸ್ಯತ್ವ, ಸಾಲದ ಲೆಕ್ಕ ಮುಂತಾದ ಹಕ್ಕುಬಾಧ್ಯತೆಗಳು ಅದನ್ನೇ ಆಧರಿಸಿರುತ್ತವೆ.

ಎರಡು ಪದ್ಧತಿಗಳ ಅಂತರ

ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬ ಬಳಕೆದಾರನ ಗಣಕವೂ ದತ್ತಾಂಶದ ಕಡತವನ್ನು ತಾನೇ ತೆರೆದು ಬರೆಯುತ್ತದೆ. ಬರೆಯುತ್ತಿರುವಾಗ ವಿದ್ಯುತ್ ನಿಂತಲ್ಲಿ ಕಡತವಾಗಲಿ ಅದರ ಸೂಚಿಯಾಗಲಿ ಕೆಡುವ ಸಂಭವವುಂಟು. ಸರ್ವರ್ ಪದ್ಧತಿಯಲ್ಲಿ ಕಡತವನ್ನು ಮುಟ್ಟುವ ಅಧಿಕಾರ ಸರ್ವರಿಗೆ ಮಾತ್ರ. ಉಳಿದ ಗಣಕಗಳು ಅದಕ್ಕೆ ಕೋರಿಕೆ ಸಲ್ಲಿಸುತ್ತವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ವ್ಯವಸ್ಥೆಯು ಪ್ರತಿ ಬದಲಾವಣೆಯನ್ನು ಮೊದಲು ದಿನಚರಿಯಂತಹ ದಾಖಲೆಯಲ್ಲಿ ಬರೆದುಕೊಳ್ಳುವುದರಿಂದ, ಅರ್ಧದಲ್ಲಿ ನಿಂತ ವ್ಯವಹಾರವು ಲೆಕ್ಕವನ್ನು ಕೆಡಿಸುವುದಿಲ್ಲ.

ಸಾಗಿಸುವ ಮುನ್ನ

ಮೊದಲು ಹೊಸ ನಮೂದುಗಳನ್ನು ನಿಲ್ಲಿಸಿ, ಮೂಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇರಿಸತಕ್ಕದ್ದು. ದೀರ್ಘ ಟಿಪ್ಪಣಿಗಳು ಮುಖ್ಯ ಕಡತದಲ್ಲಿರದೆ ‘ಮೆಮೊ’ ಎಂಬ ಜೊತೆಕಡತದಲ್ಲಿರುತ್ತವೆ. ಅದನ್ನು ಮರೆತರೆ ಟಿಪ್ಪಣಿಗಳೆಲ್ಲವೂ ನಷ್ಟವಾಗುತ್ತವೆ. ಡಿಬೇಸ್‌ನಲ್ಲಿ ಅಂಕಣದ ಹೆಸರು 10 ಅಕ್ಷರಗಳನ್ನು ಮೀರುವಂತಿಲ್ಲವಾದ್ದರಿಂದ, ಮೊಟಕಾದ ಹೆಸರುಗಳ ಅರ್ಥವನ್ನು ಹಳೆಯ ಸಿಬ್ಬಂದಿಯಿಂದ ಕೇಳಿ ಬರೆದಿಟ್ಟುಕೊಳ್ಳಬೇಕು.

ಎಚ್ಚರ ವಹಿಸಬೇಕಾದ ಅಂಶಗಳು

1. ಅಳಿಸಿದ ದಾಖಲೆಗಳು: ಡಿಬೇಸ್‌ನಲ್ಲಿ ಅಳಿಸಿದ ದಾಖಲೆಯ ಆರಂಭದಲ್ಲಿ ನಕ್ಷತ್ರಚಿಹ್ನೆ ಬೀಳುತ್ತದೆಯೇ ಹೊರತು, ‘ಪ್ಯಾಕ್’ ಆದೇಶ ನೀಡುವವರೆಗೆ ದಾಖಲೆಯು ಕಡತದಲ್ಲಿಯೇ ಉಳಿದಿರುತ್ತದೆ. ಈ ಚಿಹ್ನೆಯನ್ನು ಕಡೆಗಣಿಸಿದರೆ ರದ್ದಾದ ಹೆಸರುಗಳು ಹೊಸ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

2. ದಿನಾಂಕ: ಎಷ್ಟೋ ಕಡೆ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಿತ್ತು. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ತನ್ನ ಮೂಲ ಏರ್ಪಾಡಿನಲ್ಲಿ 00ರಿಂದ 49ರವರೆಗಿನ ವರ್ಷಗಳನ್ನು 2000ದಿಂದ 2049 ಎಂದು ಗ್ರಹಿಸುತ್ತದೆ. ಆದ್ದರಿಂದ 1934ರಲ್ಲಿ ಜನಿಸಿದ ನಿವೃತ್ತ ನೌಕರನ ‘34’ ಎಂಬ ನಮೂದು 2034 ಆಗುತ್ತದೆ. ಇನ್ನೂ ಜನಿಸದ ವ್ಯಕ್ತಿಗೆ ಯಂತ್ರವು ನಿವೃತ್ತಿವೇತನವನ್ನು ಮಂಜೂರು ಮಾಡಲಾರದು.

3. ಸಂಖ್ಯೆಗಳು: ಖಾತೆಸಂಖ್ಯೆಯನ್ನು ಅಂಕೆಯಾಗಿ ಸಾಗಿಸಿದಲ್ಲಿ ಅದರ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಅದನ್ನು ಅಕ್ಷರರೂಪದಲ್ಲಿ ಉಳಿಸಬೇಕು.

4. ಲಿಪಿ: ಹಳೆಯ ಕನ್ನಡ ದತ್ತಾಂಶವು 1991ರ ಭಾರತೀಯ ಮಾನಕವಾದ ‘ಇಸ್ಕಿ’ಯಲ್ಲಿ ಅಥವಾ ಯಾವುದೋ ಒಂದು ಅಕ್ಷರವಿನ್ಯಾಸದ ಸ್ವಂತ ಸಂಕೇತದಲ್ಲಿ ಇರಬಹುದು. ಇಸ್ಕಿಯಲ್ಲಿ ಕನ್ನಡದ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ ಸಂಕೇತ ಒಂದೇ, ಯೂನಿಕೋಡ್‌ನಲ್ಲಿ ಅವು ಬೇರೆ ಬೇರೆ. ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಸಂಸ್ಥೆಯೊಂದರ ಕಡತದಲ್ಲಿ ಎರಡೂ ಲಿಪಿಗಳ ಹೆಸರುಗಳಿದ್ದಲ್ಲಿ, ಯಾವ ಅಂಕಣ ಯಾವ ಲಿಪಿಯದೆಂಬುದನ್ನು ಮೊದಲೇ ಗುರುತಿಸಿ ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ಸದಸ್ಯರ ಹೆಸರುಗಳು ಅರ್ಥಹೀನ ಚಿಹ್ನೆಗಳಾಗುತ್ತವೆ ಅಥವಾ ಬೇರೆ ಲಿಪಿಯಲ್ಲಿ ಮೂಡುತ್ತವೆ.

ತಾಳೆ ನೋಡುವಿಕೆ

ದತ್ತಾಂಶವು ಸರ್ವರನ್ನು ತಲುಪಿದ ಮಾತ್ರಕ್ಕೆ ಕಾರ್ಯ ಮುಗಿಯಿತೆಂದು ಭಾವಿಸಬಾರದು. ದಾಖಲೆಗಳ ಸಂಖ್ಯೆ ಎರಡೂ ಕಡೆ ಸರಿಹೊಂದಬೇಕು. ಹಣದ ಅಂಕಣಗಳ ಒಟ್ಟು ಮೊತ್ತ ಪೈಸೆಯವರೆಗೂ ತಾಳೆಯಾಗಬೇಕು. ಅಲ್ಲಲ್ಲಿ ಆಯ್ದ ಕೆಲವು ದಾಖಲೆಗಳನ್ನು ಮೂಲ ಕಾಗದದೊಡನೆ ಹೋಲಿಸುವುದು ಅವಶ್ಯಕ. ಕನಿಷ್ಠ ಒಂದು ತಿಂಗಳ ಲೆಕ್ಕವನ್ನು ಎರಡೂ ವ್ಯವಸ್ಥೆಗಳಲ್ಲಿ ನಡೆಸಿ, ಫಲಿತಾಂಶ ಒಂದೇ ಆದ ಬಳಿಕ ಹಳೆಯದನ್ನು ಓದಲು ಮಾತ್ರ ಲಭ್ಯವಾಗುವಂತೆ ಕಾಪಾಡುವುದು ಕ್ಷೇಮಕರ.

ನಾಗರಿಕರೂ ತಮ್ಮ ಸೇವಾವಿವರ, ಪಾಸ್‌ಪುಸ್ತಕ, ರಸೀದಿಗಳ ಪ್ರತಿಗಳನ್ನು ಜೋಪಾನವಾಗಿಟ್ಟುಕೊಳ್ಳುವುದು ಒಳಿತು. ಯಂತ್ರದ ನಮೂದು ತಪ್ಪಿದಾಗ ಅದನ್ನು ತಿದ್ದಿಸಲು ಆಧಾರವಾಗುವುದು ಆ ಕಾಗದವೇ.