ಹಾವಿನ ಪೆಟ್ಟಿಗೆಯಲ್ಲಿ ಬಿಸಿ ಎಷ್ಟಿರಬೇಕು?



ಹಾವು, ಹಲ್ಲಿ, ಕಪ್ಪೆ ಇವೆಲ್ಲ ಶೀತರಕ್ತ ಪ್ರಾಣಿಗಳು ಅಂತ ನಾವು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಮಾರ್ಕ್ಸು ಸಿಗುತ್ತದೆ. ಆದರೆ ಹಾವಿನ ರಕ್ತ ಯಾವಾಗಲೂ ತಣ್ಣಗೆ ಇರುತ್ತದೆ ಎಂದು ಇದರ ಅರ್ಥವಲ್ಲ. ಬಿಸಿಲಿಗೆ ಬಂದರೆ ಅದರ ರಕ್ತವೂ ಬಿಸಿಯಾಗುತ್ತದೆ, ನೆರಳಿಗೆ ಹೋದರೆ ತಣ್ಣಗಾಗುತ್ತದೆ.

ನಮ್ಮ ಮೈ ಚಳಿಗಾಲದಲ್ಲೂ ಬೇಸಿಗೆಯಲ್ಲೂ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಾವು ಉಂಡ ಅನ್ನ, ಮುದ್ದೆಯೇ ಒಳಗೆ ಒಲೆಯ ಹಾಗೆ ಶಾಖ ಕೊಡುತ್ತದೆ. ಸೆಕೆಯಾದರೆ ಬೆವರು ಬಂದು ಮೈ ತಂಪಾಗುತ್ತದೆ. ಹಾವಿನ ಒಳಗೆ ಅಂಥ ಒಲೆ ಇಲ್ಲ, ಅದಕ್ಕೆ ಬೆವರೂ ಬರುವುದಿಲ್ಲ. ಅದು ಮಾಡುವುದು ಒಂದೇ ಕೆಲಸ: ಜಾಗ ಬದಲಿಸುವುದು. ಚಳಿಗಾಲದ ಬೆಳಿಗ್ಗೆ ಬಂಡೆ ಮೇಲೆ ಮಲಗುತ್ತದೆ. ಬೇಸಿಗೆಯ ಮಧ್ಯಾಹ್ನ ಹುತ್ತ, ಬಿಲ, ಪೊದೆ ಸೇರುತ್ತದೆ.

ಹಾಗಾದ್ರೆ ಹಾವನ್ನು ಪೆಟ್ಟಿಗೆಯಲ್ಲಿ ಇಟ್ಟರೆ ಅದು ಎಲ್ಲಿಗೆ ಹೋಗಬೇಕು?

ಸಾಕುವವರು ಏನು ಮಾಡುತ್ತಾರೆ?

ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಕೆಲವರು ಮನೆಯಲ್ಲಿ ಹಾವು ಸಾಕುತ್ತಾರೆ. ಹೆಚ್ಚಾಗಿ ಸಾಕುವ ಹಾವುಗಳಲ್ಲಿ ಬಾಲ್ ಪೈಥಾನ್ ಒಂದು. ಇದು ಆಫ್ರಿಕಾದ ಸಣ್ಣ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಇದಕ್ಕೆ ಗಾಜಿನ ಪೆಟ್ಟಿಗೆ ಮಾಡಿ, ಒಂದು ತುದಿಯನ್ನು ಸುಮಾರು 32 ಡಿಗ್ರಿ ಬಿಸಿ ಇಡುತ್ತಾರೆ, ಇನ್ನೊಂದು ತುದಿಯನ್ನು ಸುಮಾರು 25 ಡಿಗ್ರಿ ತಂಪಾಗಿ ಇಡುತ್ತಾರೆ. ಎರಡೂ ಕಡೆ ಅಡಗಿಕೊಳ್ಳಲು ಗೂಡು ಇರುತ್ತದೆ. ಬಿಸಿ ಕಡೆ ಮಾತ್ರ ಗೂಡಿದ್ದರೆ ಹೆದರಿದ ಹಾವು ಸೆಕೆಯಾದರೂ ಅಲ್ಲೇ ಕೂತುಬಿಡುತ್ತದೆ.

ಬಿಸಿ ಕಡಿಮೆಯಾದರೆ ನುಂಗಿದ ಇಲಿ ಜೀರ್ಣವಾಗುವುದಿಲ್ಲ, ಹಾವು ಅದನ್ನು ಕಕ್ಕಿಬಿಡುತ್ತದೆ. ಬಿಸಿ ಜಾಸ್ತಿಯಾದರೆ ಹೊಟ್ಟೆಯ ಚರ್ಮ ಸುಡುತ್ತದೆ. ಅದಕ್ಕೇ ಅವರು ಥರ್ಮೋಸ್ಟಾಟ್ ಹಾಕುತ್ತಾರೆ. ಬೇಕಾದಷ್ಟು ಬಿಸಿಯಾದ ಕೂಡಲೇ ಅದು ಕರೆಂಟು ನಿಲ್ಲಿಸುತ್ತದೆ. ಕರೆಂಟಿನ ಇಸ್ತ್ರಿ ಪೆಟ್ಟಿಗೆಯ ದೀಪ ಹತ್ತಿ ಆರುವುದು ಇದೇ ರೀತಿಯ ಸಾಧನದಿಂದ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ನಾಗರಹಾವು, ಹೆಬ್ಬಾವು, ಕೇರೆ ಹಾವು ಇವನ್ನೆಲ್ಲ ಹಿಡಿದು ಸಾಕುವಂತಿಲ್ಲ. ಆದರೂ ಈ ವಿಷಯ ನಮಗೆ ಬೇಕು. ಯಾಕೆ ಅಂತ ಹೇಳುತ್ತೇನೆ.

ಎಣ್ಣೆ ಡಬ್ಬದ ಹಾವು

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ಮನೆಗೆ ಕೇರೆ ಹಾವು ಬಂತು. ಆ ಮನೆಯ ಅಜ್ಜಿ, "ಕೊಲ್ಲಬ್ಯಾಡ್ರಪ್ಪ, ಇಲಿ ತಿನ್ನೋ ಹಾವು ಅದು" ಅಂದರು. ದೊಡ್ಡವರು ಅದನ್ನು ಹಿಡಿದು ತಗಡಿನ ಎಣ್ಣೆ ಡಬ್ಬಕ್ಕೆ ಹಾಕಿದರು. ಗಾಳಿ ಆಡಲಿ ಅಂತ ಮುಚ್ಚಳಕ್ಕೆ ತೂತು ಹೊಡೆದು ಅಂಗಳದಲ್ಲಿ ಇಟ್ಟರು. ಬಿಸಿಲು ತಗ್ಗಿದ ಮೇಲೆ ಕೆರೆ ಕಡೆ ಬಿಡೋಣ ಅಂತ. ಮೂರು ಗಂಟೆಗೆ ನೋಡಿದರೆ ಹಾವು ಸತ್ತಿತ್ತು. ಕೆಲವರು "ಹೆದರಿ ಸತ್ತಿರಬೇಕು" ಅಂದರು, ಕೆಲವರು "ಉಸಿರು ಕಟ್ಟಿರಬೇಕು" ಅಂದರು. ಆದರೆ ತೂತು ಇತ್ತಲ್ಲ? ಡಬ್ಬ ಮುಟ್ಟಿದರೆ ಕೈ ಸುಡುತ್ತಿತ್ತು.

ಈ ವರ್ಷ ಮಾರ್ಚ್‌ನಲ್ಲಿ ನಮ್ಮ ವಿಜ್ಞಾನ ಮೇಷ್ಟ್ರನ್ನು ಕೇಳಿ ಈ ಪ್ರಯೋಗ ಮಾಡಿದೆವು.

ಉದ್ದೇಶ: ಮುಚ್ಚಿದ ಡಬ್ಬದ ಒಳಗೆ ಎಷ್ಟು ಬಿಸಿಯಾಗುತ್ತದೆ ಎಂದು ತಿಳಿಯುವುದು.

ಬೇಕಾಗುವ ಸಾಮಗ್ರಿಗಳು: ಒಂದೇ ಅಳತೆಯ ಎರಡು ತಗಡಿನ ಡಬ್ಬ, ಪ್ರಯೋಗಕ್ಕೆ ಬಳಸುವ ಎರಡು ಥರ್ಮಾಮೀಟರು. (ಜ್ವರ ನೋಡುವ ಥರ್ಮಾಮೀಟರು ಬೇಡ. ಅದರಲ್ಲಿ 42 ಡಿಗ್ರಿವರೆಗೆ ಮಾತ್ರ ಗುರುತು ಇರುತ್ತದೆ.)

ವಿಧಾನ: ಎರಡೂ ಮುಚ್ಚಳಕ್ಕೆ ನಾಲ್ಕು ತೂತು ಮಾಡಿ, ಒಂದರಲ್ಲಿ ಥರ್ಮಾಮೀಟರು ಇಳಿಬಿಟ್ಟೆವು. ಹನ್ನೆರಡು ಗಂಟೆಗೆ ಒಂದು ಡಬ್ಬವನ್ನು ಆಟದ ಬಯಲಿನ ಬಿಸಿಲಿನಲ್ಲಿ, ಇನ್ನೊಂದನ್ನು ಹೊಂಗೆ ಮರದ ನೆರಳಿನಲ್ಲಿ ಇಟ್ಟೆವು.

ವೀಕ್ಷಣೆ: ಶುರುವಿನಲ್ಲಿ ಎರಡರಲ್ಲೂ 33 ಡಿಗ್ರಿ. ಅರ್ಧ ಗಂಟೆಯ ಮೇಲೆ ನೆರಳಿನ ಡಬ್ಬದಲ್ಲಿ 34, ಬಿಸಿಲಿನ ಡಬ್ಬದಲ್ಲಿ 48.

ನಿರ್ಣಯ: ಮೈಯ ಬಿಸಿ 40 ಡಿಗ್ರಿ ಮೀರಿದರೆ ಹೆಚ್ಚಿನ ಹಾವುಗಳಿಗೆ ಪ್ರಾಣಾಪಾಯ. ತೂತಿನಿಂದ ಉಸಿರಾಡಲು ಗಾಳಿ ಸಿಗುತ್ತದೆ, ಆದರೆ ಬಿಸಿ ಇಳಿಯುವುದಿಲ್ಲ. ಬಯಲಿನಲ್ಲಾದರೆ ಹಾವು ಓಡಿಹೋಗುತ್ತಿತ್ತು. ಡಬ್ಬದ ಎಲ್ಲಾ ಕಡೆಯೂ ಬಿಸಿ, ತಂಪಿನ ತುದಿಯೇ ಇಲ್ಲ.

ನಾವು ಮಾಡಬೇಕಾದದ್ದು

1. ಹಾವು ಕಂಡರೆ ಮಕ್ಕಳು ಹತ್ತಿರ ಹೋಗಬಾರದು. ಕೇರೆ ಹಾವು ಅಂತ ತಿಳಿದದ್ದು ನಾಗರಹಾವೂ ಆಗಿರಬಹುದು. ದೂರ ನಿಂತು ದೊಡ್ಡವರನ್ನು ಕೂಗಬೇಕು.

2. ಹಿಡಿಯುವ ಕೆಲಸ ಗೊತ್ತಿದ್ದವರಿಗೋ ಅರಣ್ಯ ಇಲಾಖೆಯವರಿಗೋ ಬಿಡಬೇಕು.

3. ಹಿಡಿದಿಟ್ಟ ಚೀಲ, ಡಬ್ಬ, ಬಿಂದಿಗೆ ಏನೇ ಇರಲಿ, ಅದನ್ನು ನೆರಳಿನಲ್ಲಿ ಇಡಲು ಹೇಳಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಡಬಾರದು. ನೆರಳು ಸರಿಯುತ್ತದೆ, ಆಗಾಗ ನೋಡುತ್ತಿರಬೇಕು.

4. ಆದಷ್ಟು ಬೇಗ ಬಿಡಿಸಬೇಕು. ಸಂಜೆವರೆಗೆ ಕಾಯಬಾರದು.

ಕೇರೆ ಹಾವು ನಮ್ಮ ಹೊಲ, ಕಣಜದ ಇಲಿ ತಿನ್ನುತ್ತದೆ. ಕೊಲ್ಲದೆ ಉಳಿಸಬೇಕು ಅನ್ನುವ ಒಳ್ಳೆಯ ಮನಸ್ಸು ನಮ್ಮೂರಿನವರಿಗೆ ಇದೆ. ಅದರ ಜೊತೆಗೆ ನೆರಳೂ ಬೇಕು ಅಂತ ಮನೆಯಲ್ಲಿ ಎಲ್ಲರೂ ತಿಳಿಸಿರಿ.

ನಿಮಗೆ ಗೊತ್ತೇ?

ಕಾಳಿಂಗ ಸರ್ಪ ಒಣಗಿದ ಎಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಅದರಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಹೆಬ್ಬಾವಿನ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು, ಚಳಿಯಾದರೆ ಮೈ ನಡುಗಿಸಿ ಅವಕ್ಕೆ ಶಾಖ ಕೊಡುತ್ತದೆ. ಶೀತರಕ್ತ ಪ್ರಾಣಿಯಾದರೂ ಮೊಟ್ಟೆಗೋಸ್ಕರ ಅದು ಬಿಸಿ ಹುಟ್ಟಿಸುತ್ತದೆ!

ಯೋಚಿಸಿ ಉತ್ತರಿಸಿ

1. ಡಬ್ಬದ ಬದಲು ಮಣ್ಣಿನ ಮಡಕೆ ಇಟ್ಟರೆ ಎಷ್ಟು ಡಿಗ್ರಿ ಬರಬಹುದು?

2. ಒದ್ದೆ ಗೋಣಿಚೀಲ ಹೊದಿಸಿದರೆ ಏನಾಗುತ್ತದೆ?

ಪ್ರಯೋಗ ಮಾಡಿ ನೋಡಿ, ಉತ್ತರವನ್ನು ಈ ಹಾಳೆಯ ಕೆಳಗೆ ಅಂಟಿಸಿರಿ.

— 7ನೇ ತರಗತಿ